ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸುಲಭ ನಡಿಗೆ: ಹಳೆ ರೈಲು ದಾರಿಯೋ, ಕಾಲುವೆ ದಂಡೆಯೋ, ಗಣಿ ಕಣಿವೆಯೋ?

ಇಂಗ್ಲೆಂಡಿನ ನಡುಭಾಗದಲ್ಲಿರುವ ಪೀಕ್ ಡಿಸ್ಟ್ರಿಕ್ಟ್ ಈಗ ಕಣ್ಣಿಗೆ ಬರೀ ಹಸಿರು: ಹುಲ್ಲುಗುಡ್ಡ, ಕಲ್ಲುಗೋಡೆ, ಕುರಿಮಂದೆ, ತಿಳಿನೀರಿನ ಹೊಳೆ. ಇದೇ ನೆಲದಲ್ಲಿ ನೂರಾರು ವರ್ಷ ಸೀಸ ಅಗೆದಿದ್ದಾರೆ, ತಾಮ್ರ ತೆಗೆದಿದ್ದಾರೆ, ಸುಣ್ಣ ಸುಟ್ಟಿದ್ದಾರೆ, ಬೀಸುವ ಕಲ್ಲು ಕಡಿದಿದ್ದಾರೆ. ಇದರ ಆಗ್ನೇಯ ಅಂಚಿನ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಶುರುಮಾಡಿದ. ಆ ಸರಕನ್ನೆಲ್ಲ ಹೊತ್ತ ರೈಲು ಹಳಿಗಳು ಇಂದು ಕಿತ್ತುಹೋಗಿವೆ, ದೋಣಿಗಳು ನಿಂತಿವೆ, ಗಣಿಬಾವಿಗಳು ಮುಚ್ಚಿವೆ. ಉಳಿದ ದಾರಿಗಳಲ್ಲಿ ಜನ ನಡೆಯುತ್ತಾರೆ.

ಇವುಗಳಲ್ಲಿ ಒಂದನ್ನು ಆರಿಸುವಾಗ ಬಹುಪಾಲು ಜನ ದೂರವನ್ನು ಮಾತ್ರ ನೋಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ದಾರಿ ಯಾವ ಹೊರೆಗಾಗಿ, ಯಾವ ಬಲದಿಂದ ಎಳೆಯಲು ತಯಾರಾಯಿತು? ಕಾಲುವೆಯ ನೀರು ಇಳಿಜಾರಿನಲ್ಲಿ ನಿಲ್ಲದು, ಹಾಗಾಗಿ ಕಾಲುವೆ ದಂಡೆ ತಟ್ಟೆಯಂತೆ ಸಮ. ಉಗಿ ಎಂಜಿನ್ನಿಗೆ ಕಡಿದಾದ ಏರು ಆಗದು, ಹಾಗಾಗಿ ರೈಲು ದಾರಿಯ ಏರು ಕಾಲಿಗೆ ತಿಳಿಯುವುದೇ ಇಲ್ಲ. ಹಗ್ಗ, ಸರಪಳಿ ಕಟ್ಟಿ ವ್ಯಾಗನ್ ಎಳೆದ ಕಡೆ ದಾರಿ ಗೋಡೆ ಹತ್ತಿದಂತೆ ಏರುತ್ತದೆ. ಗಣಿಗೆ ಹೋಗುವ ದಾರಿಯನ್ನಂತೂ ಯಾರೂ ಸಮ ಮಾಡಲಿಲ್ಲ. ಆಳು, ಕುದುರೆ ಹೋದದ್ದೇ ಅಲ್ಲಿನ ದಾರಿ. ಒಂದು ಕಿಲೋಮೀಟರಿನ ಗಣಿ ದಾರಿ ಐದು ಕಿಲೋಮೀಟರಿನ ರೈಲು ದಾರಿಗಿಂತ ಹೆಚ್ಚು ದಣಿಸಬಲ್ಲದು.

ಇಲ್ಲಿನ ಕೈಮರಗಳಲ್ಲಿ ದೂರ ಮೈಲಿಯಲ್ಲಿರುತ್ತದೆ. ಒಂದು ಮೈಲಿ ಎಂದರೆ 1.6 ಕಿ.ಮೀ. ಮಕ್ಕಳು, ಹಿರಿಯರು ಜೊತೆಗಿದ್ದರೆ ಗಂಟೆಗೆ 3 ಕಿ.ಮೀ. ಲೆಕ್ಕ ಹಿಡಿಯಿರಿ.

ಮಾನ್ಸಲ್ ಟ್ರೇಲ್: ಮೊದಲ ಸಲ ಬರುವವರಿಗೆ

ಒಂದೇ ದಿನ, ಒಂದೇ ನಡಿಗೆ ಎಂದಾದರೆ ನಮ್ಮ ಆಯ್ಕೆ ಇದೇ. ಮ್ಯಾಂಚೆಸ್ಟರ್ ಮತ್ತು ಲಂಡನ್ ನಡುವೆ ಓಡುತ್ತಿದ್ದ ಮಿಡ್‌ಲ್ಯಾಂಡ್ ರೈಲಿನ ಈ ಭಾಗ 1863ರಲ್ಲಿ ತೆರೆದು 1968ರಲ್ಲಿ ಮುಚ್ಚಿತು. ಬೇಕ್‌ವೆಲ್ ಊರಿನ ಅಂಚಿನಿಂದ ಬಕ್ಸ್‌ಟನ್ ಕಡೆಯ ಬ್ಲ್ಯಾಕ್‌ವೆಲ್ ಮಿಲ್‌ವರೆಗೆ 8.5 ಮೈಲಿ, ಅಂದರೆ ಸುಮಾರು 13.7 ಕಿ.ಮೀ. ಅಗಲವಾದ, ಗಟ್ಟಿಯಾಗಿ ಕೂತ ಜಲ್ಲಿ ನೆಲ. ಬೇಕ್‌ವೆಲ್‌ನಿಂದ ಪಶ್ಚಿಮಕ್ಕೆ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಮೀಟರ್ ಏರು. ಪೂರ್ತಿ ದಾರಿ ನಡೆಯುವವರು ಬ್ಲ್ಯಾಕ್‌ವೆಲ್ ಮಿಲ್ ತುದಿಯಿಂದ ಹೊರಟರೆ ಕೊನೆಯ ಗಂಟೆಯಲ್ಲಿ ಅದರ ಲಾಭ ಸಿಗುತ್ತದೆ.

ಇಲ್ಲಿ ಆರು ಸುರಂಗಗಳಿವೆ. ಹೆಡ್‌ಸ್ಟೋನ್, ಕ್ರೆಸ್‌ಬ್ರುಕ್, ಲಿಟನ್, ಚೀ ಟಾರ್ ಎಂಬ ನಾಲ್ಕು ದೊಡ್ಡವು, ಒಂದೊಂದೂ ಸುಮಾರು 400 ಮೀಟರ್. ದಾಟಲು ಐದಾರು ನಿಮಿಷ. ದಶಕಗಳ ಕಾಲ ಮುಚ್ಚಿದ್ದ ಇವು 2011ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದವು. ಒಳಗೆ ದೀಪ ಇದೆ, ಆದರೆ ಹಗಲು ಮಾತ್ರ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವ ಊರು ಇದು. ಮಧ್ಯಾಹ್ನದ ಮೇಲೆ ಹೊರಟು ವಾಪಸು ಬರುವಷ್ಟರಲ್ಲಿ ಸುರಂಗ ಕತ್ತಲಾಗಿರುವುದು ಇಲ್ಲಿ ಜನ ಪೇಚಿಗೆ ಸಿಗುವ ಸಾಮಾನ್ಯ ರೀತಿ. ಚಳಿಗಾಲದಲ್ಲಿ ಟಾರ್ಚ್ ಜೇಬಿನಲ್ಲಿರಲಿ. ಬೇಸಿಗೆಯಲ್ಲೂ ಸುರಂಗದೊಳಗೆ ತಣ್ಣಗೆ, ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಎತ್ತಿಕೊಂಡ ಮಗುವಿಗೆ ಒಂದು ಸ್ವೆಟರ್ ಬೇಕೇ ಬೇಕು. ಸೈಕಲ್ಲುಗಳು ಬರುತ್ತಿರುತ್ತವೆ, ಆದ್ದರಿಂದ ಎಡಗಡೆ ಸಾಲಾಗಿ ನಡೆಯಿರಿ.

ಪೂರ್ತಿ ನಡೆಯಬೇಕಿಲ್ಲ. ಎರಡು ತುಂಡುಗಳನ್ನು ಹೋಲಿಸಿ ನೋಡಿ.

ಹ್ಯಾಸಪ್ ಹಳೆ ನಿಲ್ದಾಣದಿಂದ ಹೆಡ್‌ಸ್ಟೋನ್ ಸುರಂಗ ದಾಟಿ ಮಾನ್ಸಲ್ ಹೆಡ್ ಕೆಳಗಿನ ಕಮಾನು ಸೇತುವೆವರೆಗೆ ಹೋಗಲು ಸುಮಾರು 4.5 ಕಿ.ಮೀ., ಬರಲು ಅಷ್ಟೇ. ಮೊದಲ ಮುಕ್ಕಾಲು ಭಾಗ ಹೊಲಗಳ ನಡುವಿನ ಸಾದಾ ದಾರಿ. ಸುರಂಗದಿಂದ ಹೊರಬಿದ್ದ ಕ್ಷಣಕ್ಕೆ ಕಾಲಡಿ ವೈ ನದಿ, ಎರಡೂ ಕಡೆ ಕಣಿವೆ. ಈ ಸೇತುವೆ ಕಣಿವೆಯನ್ನು ಕೆಡಿಸುತ್ತದೆಂದು ಆ ಕಾಲದ ಲೇಖಕ ಜಾನ್ ರಸ್ಕಿನ್ ಕಟುವಾಗಿ ವಿರೋಧಿಸಿದ್ದ. ಇಂದು ಅದೇ ಸೇತುವೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಗಾಲಿಕುರ್ಚಿ, ತಳ್ಳುಗಾಡಿ ಇದ್ದವರು ಹ್ಯಾಸಪ್‌ನಿಂದಲೇ ಹೊರಡಿ, ಮೆಟ್ಟಿಲಿಲ್ಲ. ಮಾನ್ಸಲ್ ಹೆಡ್‌ನಲ್ಲಿ ಕಾರು ನಿಲ್ಲಿಸಿ ಇಳಿದರೆ ಹತ್ತಿರವೆಂದು ನಕ್ಷೆ ಹೇಳುತ್ತದೆ. ಆ ಇಳಿಜಾರು ಕಡಿದು, ಗಾಲಿ ಇದ್ದದ್ದು ಅಲ್ಲಿ ಇಳಿಯದು.

ಇನ್ನೊಂದು, ಮಿಲ್ಲರ್ಸ್ ಡೇಲ್ ನಿಲ್ದಾಣದಿಂದ ಪೂರ್ವಕ್ಕೆ ಅದೇ ಸೇತುವೆವರೆಗೆ ಸುಮಾರು 5 ಕಿ.ಮೀ. ನಿಸರ್ಗ ಮರಳಿ ಬಂದದ್ದನ್ನು ನೋಡಬೇಕೆನ್ನುವವರಿಗೆ ಇದು ಮೇಲು. ದಾರಿಯ ಮಗ್ಗುಲಲ್ಲೇ ದೈತ್ಯ ಸುಣ್ಣದ ಗೂಡುಗಳು ನಿಂತಿವೆ. ಹಳೆ ಸುಣ್ಣಕಲ್ಲಿನ ಕ್ವಾರಿ ಈಗ ಕಾಡುಹೂಗಳಿಗೆ ಮೀಸಲು. ಲಿಟನ್, ಕ್ರೆಸ್‌ಬ್ರುಕ್ ಸುರಂಗಗಳ ನಡುವೆ ಕೆಳಗೆ ಹೊಳೆ, ಹಳೆ ಹತ್ತಿ ಗಿರಣಿಗಳ ಕಣಿವೆ. ಏಪ್ರಿಲ್ ಕೊನೆಯಿಂದ ಮೇವರೆಗೆ ಹಳದಿ ಕೌಸ್ಲಿಪ್, ನೇರಳೆ ಆರ್ಕಿಡ್. ಜೂನ್, ಜುಲೈಗೆ ಚುಕ್ಕಿ ಆರ್ಕಿಡ್.

ಇಷ್ಟು ಹೂವು ಇಲ್ಲೇ ಏಕೆ? ಗುಡ್ಡ ಸೀಳಿ ರೈಲು ಹಾಕಿದಾಗ ಮೇಲ್ಮಣ್ಣು ಹೋಗಿ ಬರೀ ಸುಣ್ಣಕಲ್ಲು ಉಳಿಯಿತು. ಸಾರವಿಲ್ಲದ ಅಂಥ ನೆಲದಲ್ಲಿ ಒರಟು ಹುಲ್ಲು ಸೊಕ್ಕಿ ಬೆಳೆಯದು, ಆದ್ದರಿಂದ ಸಣ್ಣ ಹೂಗಿಡಗಳಿಗೆ ಬಿಸಿಲು, ಜಾಗ ಎರಡೂ ಸಿಗುತ್ತವೆ. ಹಾಗೆಂದು ಇದನ್ನು ಅದರ ಪಾಡಿಗೆ ಬಿಟ್ಟರೆ ಕೆಲವೇ ದಶಕಗಳಲ್ಲಿ ಪೊದೆ ಮುಚ್ಚಿಬಿಡುತ್ತದೆ. ಚಳಿಗಾಲದಲ್ಲಿ ದಾರಿ ಪಕ್ಕ ಪೊದೆ ಕಡಿದಿರುವುದು ಕಂಡರೆ ಬೇಸರ ಬೇಡ, ಹೂವು ಉಳಿದಿರುವುದು ಆ ಕೆಲಸದಿಂದ.

ಮಿಲ್ಲರ್ಸ್ ಡೇಲ್‌ನ ಪಶ್ಚಿಮಕ್ಕೆ ಒಂದು ಎಚ್ಚರಿಕೆ. ಹಳಿ ದಾರಿ ಬಿಟ್ಟು ಹೊಳೆಯ ಮಟ್ಟಕ್ಕೆ ಇಳಿದು ಚೀ ಡೇಲ್ ಮೂಲಕ ಹೋಗುವ ಕಾಲುದಾರಿ ಬಹಳ ಚೆಂದ, ಆದರೆ ಅದು ಸುಲಭ ನಡಿಗೆಯ ಲೆಕ್ಕಕ್ಕೆ ಬಾರದು. ನಡುವೆ ಹೊಳೆಯೊಳಗೆ ಇಟ್ಟ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬೇಕು, ಜೋರು ಮಳೆಯ ನಂತರ ಆ ಕಲ್ಲು ನೀರಡಿ ಹೋಗುತ್ತವೆ. ಸುರಂಗ ಬೇಡವೆಂದು ಕ್ರೆಸ್‌ಬ್ರುಕ್ ಕೆಳಗಿನ ಬಂಡೆಯ ಬುಡದಲ್ಲಿ ಹೋಗುವ ದಾರಿಗೂ ನೆರೆಯ ಇದೇ ತೊಂದರೆ.

ಕ್ರಾಮ್‌ಫರ್ಡ್ ಕಾಲುವೆ: ಕಾರಿಲ್ಲದವರಿಗೆ, ಮೊಣಕಾಲು ನೋವಿನವರಿಗೆ

ಏರೇ ಬೇಡ ಎನ್ನುವವರಿಗೆ ಇದನ್ನು ಮೀರಿದ್ದಿಲ್ಲ. ಕ್ರಾಮ್‌ಫರ್ಡ್ ವಾರ್ಫ್ ಎಂಬ ದೋಣಿಕಟ್ಟೆಯಿಂದ ಆಂಬರ್‌ಗೇಟ್‌ವರೆಗೆ ಸುಮಾರು 8 ಕಿ.ಮೀ., ಕುದುರೆ ದೋಣಿ ಎಳೆಯುತ್ತಿದ್ದ ದಂಡೆಯ ಮೇಲೆ. ಕಾಲುವೆ 1794ರಲ್ಲಿ ತೆರೆಯಿತು. 1900ರಲ್ಲಿ ಬಟರ್ಲಿ ಸುರಂಗ ಕುಸಿದು ಮುಚ್ಚಿದ ಮೇಲೆ ಈ ತುದಿ ಉಳಿದ ಕಾಲುವೆ ಜಾಲದಿಂದ ತುಂಡಾಯಿತು, 1944ರಲ್ಲಿ ಪೂರ್ತಿ ಕೈಬಿಟ್ಟರು. ದೋಣಿ ನಿಂತ ಮೇಲೆ ನೀರು ಕಲಕುವವರಿಲ್ಲದೆ ಜಲಸಸ್ಯ, ಜೊಂಡು ಬೆಳೆದು, ಈಗ ಇದು ಅಪರೂಪವಾಗುತ್ತಿರುವ ನೀರಿಲಿಗಳ ನೆಲೆ. ಬೆಳಿಗ್ಗೆ ಬೇಗ, ಮಾತು ಕಡಿಮೆ ಮಾಡಿ ನಡೆದರೆ ಅವು ದಂಡೆಯಲ್ಲಿ ಕೂತು ಜೊಂಡು ಕಡಿಯುವುದು ಕಾಣುತ್ತದೆ. ಮೊದಲು ಕೇಳುವುದು ನೀರಿಗೆ ಬೀಳುವ ಪುಳಕ್ ಸದ್ದು.

ಇದರ ನಿಜವಾದ ಅನುಕೂಲ ರೈಲು. ಡರ್ಬಿ–ಮ್ಯಾಟ್‌ಲಾಕ್ ಮಾರ್ಗದ ಕ್ರಾಮ್‌ಫರ್ಡ್, ವಾಟ್‌ಸ್ಟ್ಯಾಂಡ್‌ವೆಲ್, ಆಂಬರ್‌ಗೇಟ್ ಎಂಬ ಮೂರು ನಿಲ್ದಾಣಗಳು ಕಾಲುವೆಗೆ ಅಂಟಿಕೊಂಡಂತಿವೆ. ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬಹುದು, ಬಂದ ದಾರಿಯಲ್ಲೇ ಮರಳುವ ಬೇಸರವಿಲ್ಲ. ಕ್ರಾಮ್‌ಫರ್ಡ್‌ನಿಂದ ವಾಟ್‌ಸ್ಟ್ಯಾಂಡ್‌ವೆಲ್‌ಗೆ ಸುಮಾರು 5 ಕಿ.ಮೀ., ಮಕ್ಕಳೊಂದಿಗೆ ಎರಡು ಗಂಟೆ. ರೈಲು ಗಂಟೆಗೊಂದರ ಲೆಕ್ಕದಲ್ಲಿ ಇರುವುದರಿಂದ ಹೊರಡುವ ಮೊದಲೇ ವಾಪಸು ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ. ಒಂದು ತಪ್ಪಿದರೆ ಚಳಿಯಲ್ಲಿ ಬಯಲು ಪ್ಲಾಟ್‌ಫಾರ್ಮಿನ ಮೇಲೆ ಒಂದು ಗಂಟೆ ಕಾಯಬೇಕು.

ಮೊದಲ 2 ಕಿ.ಮೀ., ಹೈ ಪೀಕ್ ಜಂಕ್ಷನ್‌ವರೆಗೆ, ದಂಡೆ ಅಗಲ, ನೆಲ ಗಟ್ಟಿ. ಗಾಲಿಕುರ್ಚಿಯವರು ಅಲ್ಲಿವರೆಗೆ ಹೋಗಿ ಮರಳಬಹುದು. ಮುಂದೆ ಲೀವುಡ್ ಪಂಪ್‌ಹೌಸ್, ಡರ್ವೆಂಟ್ ನದಿಯ ಮೇಲೆ ಕಾಲುವೆಯನ್ನೇ ಹೊತ್ತು ದಾಟಿಸುವ ಮೇಲ್ಗಾಲುವೆ, ಆಮೇಲೆ ಒಂದು ಕಿರು ಸುರಂಗ. ಅಲ್ಲಿಂದಾಚೆ ದಂಡೆ ಕಿರಿದು, ಮರಗಳ ನೆರಳಲ್ಲಿ ಮಳೆಗಾಲದ ಕೆಸರು ಬೇಗ ಒಣಗದು. ಬೂಟು ಬೇಕು.

ಪಂಪ್‌ಹೌಸ್ ಮುಂದೆ ಐದು ನಿಮಿಷ ನಿಲ್ಲಬೇಕು. ಕಾಲುವೆಗೆ ನೀರು ಬರುತ್ತಿದ್ದದ್ದು ಸೀಸದ ಗಣಿಗಳನ್ನು ಒಣಗಿಸಲು ಕೊರೆದ ಒಳಚರಂಡಿಯಿಂದ. ಇಲ್ಲಿನವರು ಅದನ್ನು ಸಫ್ ಎನ್ನುತ್ತಾರೆ. ಮುಂದೆ ಇನ್ನೂ ಆಳದಲ್ಲಿ ಮೀರ್‌ಬ್ರುಕ್ ಸಫ್ ಕೊರೆದಾಗ ನೀರೆಲ್ಲ ಅತ್ತ ಇಳಿದು ಮೇಲಿನ ಸಫ್ ಬಡವಾಯಿತು. ಕಾಲುವೆ ಒಣಗದಂತೆ ನದಿಯಿಂದ ನೀರೆತ್ತಲು 1849ರಲ್ಲಿ ಈ ಪಂಪು ಕಟ್ಟಬೇಕಾಯಿತು. ಇಲ್ಲಿನ ನೀರೆಲ್ಲ ಒಂದಕ್ಕೊಂದು ಕಟ್ಟಿಕೊಂಡದ್ದು. ಮುಂದೆ ಬರುವ ಲ್ಯಾತ್‌ಕಿಲ್ ಡೇಲ್ ಕಣಿವೆಯಲ್ಲಿ ಅದೇ ಕತೆ ಬೇರೆ ರೂಪದಲ್ಲಿ ಕಾಣುತ್ತದೆ.

ಹೈ ಪೀಕ್ ಟ್ರೇಲ್: ಯಾವ ತುಂಡು ಎಂಬುದೇ ಮುಖ್ಯ

ಇದನ್ನೂ ರೈಲು ದಾರಿ ಎಂದು ನಂಬಿ ಕೆಳತುದಿಯಿಂದ ಹೊರಟವರು ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತಾರೆ. ಕಾರಣ ಇದರ ಹುಟ್ಟಿನಲ್ಲೇ ಇದೆ. ಕ್ರಾಮ್‌ಫರ್ಡ್ ಮತ್ತು ಹೈ ಪೀಕ್ ರೈಲು 1831ರಲ್ಲಿ ಪೂರ್ತಿ ತೆರೆದಾಗ ಉಗಿ ಎಂಜಿನ್ನು ಇನ್ನೂ ಎಳೆಗೂಸು. ಇದನ್ನು ರೂಪಿಸಿದ ಜೋಸಯಾಸ್ ಜೆಸಪ್ ಕಾಲುವೆ ಕಟ್ಟುವವರ ಮನೆತನದವನು. ಕಾಲುವೆಯಲ್ಲಿ ಸಮನೆಲ, ನಂತರ ದೋಣಿಯನ್ನು ಎತ್ತಿ ಇಳಿಸುವ ಬಾಗಿಲುಗಳ ನೀರ್ತೊಟ್ಟಿ, ಅಂದರೆ ಲಾಕ್, ಮತ್ತೆ ಸಮನೆಲ. ಇಲ್ಲೂ ಹಾಗೇ: ಉದ್ದುದ್ದ ಸಮನೆಲ, ನಡುನಡುವೆ ಲಾಕ್ ಬದಲು ಕಡಿದಾದ ಇಳಿಜಾರು, ಅದರ ತಲೆಯಲ್ಲಿ ವ್ಯಾಗನ್ ಎಳೆಯಲು ಕದಲದ ಉಗಿಯಂತ್ರ. ನಿಲ್ದಾಣಗಳನ್ನೂ ವಾರ್ಫ್ ಎಂದೇ ಕರೆದರು.

ಹಾಗಾಗಿ ಹೈ ಪೀಕ್ ಜಂಕ್ಷನ್‌ನಿಂದ ಮಿಡಲ್‌ಟನ್ ಟಾಪ್‌ವರೆಗಿನ ಸುಮಾರು 4 ಕಿ.ಮೀ.ಯಲ್ಲಿ 200 ಮೀಟರಿಗೂ ಹೆಚ್ಚು ಏರು. ಎಂಟು ಮೀಟರಿಗೆ ಒಂದು ಮೀಟರ್ ಏರುವ ಇಳಿಜಾರುಗಳು ಎರಡು. ಏರುವಾಗ ಉಸಿರು, ಇಳಿಯುವಾಗ ಮೊಣಕಾಲು. ಇಳಿಯುವವರಿಗೆ ಕೋಲು ಒಳ್ಳೆಯದು, ತೇವದ ಎಲೆ ಬಿದ್ದ ದಿನ ಅಂಚಿನಲ್ಲಿ ನಡೆಯಿರಿ. ಕೆಳ ಇಳಿಜಾರಿನ ಬುಡದ ಗುಂಡಿಯಲ್ಲಿ ಮುರಿದ ವ್ಯಾಗನ್ ಒಂದು ಇನ್ನೂ ಬಿದ್ದಿದೆ. 1888ರಲ್ಲಿ ಹಗ್ಗ ಕಳಚಿದ ವ್ಯಾಗನ್‌ಗಳು ಕಾಲುವೆ, ರೈಲು ಎರಡನ್ನೂ ಹಾರಿ ಬಿದ್ದ ಮೇಲೆ, ತಪ್ಪಿಸಿಕೊಂಡ ವ್ಯಾಗನ್ ಹಿಡಿಯಲೆಂದೇ ಆ ಗುಂಡಿ ತೋಡಿದರು.

ಸುಲಭ ಬೇಕಾದವರು ಇಳಿಜಾರುಗಳನ್ನೆಲ್ಲ ಬಿಟ್ಟು ಮೇಲಿನ ಬಯಲಿಗೆ ಹೋಗಿ. ಮಿನ್ನಿಂಗ್‌ಲೋ ಕಾರ್ ಪಾರ್ಕಿನಿಂದ ಯಾವ ಕಡೆ ಹೋದರೂ ಸಮನೆಲ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಎತ್ತರದ ಏರಿ ಇಲ್ಲಿದೆ, ದಾರಿಯ ಮೇಲಿಂದ ಅದು ಕಾಣದು. ಪಕ್ಕಕ್ಕೆ ಹೋಗಿ ಕೆಳಗಿನಿಂದ ನೋಡಿದರೆ ಆ ಕೈಕೆಲಸದ ಬೆಲೆ ತಿಳಿಯುತ್ತದೆ. ಬರೀ 50 ಮೀಟರ್ ತ್ರಿಜ್ಯದ ಗಾಥಮ್ ತಿರುವೂ ಈ ಭಾಗದ್ದೇ, ಅಷ್ಟು ಬಿಗಿಯಾದ ತಿರುವಿನಲ್ಲಿ ಮೋಟು ವ್ಯಾಗನ್‌ಗಳು ಮಾತ್ರ ತಿರುಗುತ್ತಿದ್ದವು. ಮರಗಳಿಲ್ಲದ ಎತ್ತರ ಇದು, ಗಾಳಿಗೆ ಮರೆಯಿಲ್ಲ. ಕಣಿವೆಯಲ್ಲಿ ಶರ್ಟಿನಲ್ಲಿ ನಡೆಯುವ ದಿನ ಇಲ್ಲಿ ಜಾಕೆಟ್ ಹಾಕಬೇಕಾಗುತ್ತದೆ.

ಟಿಸಿಂಗ್‌ಟನ್ ಟ್ರೇಲ್ ಪಾರ್ಸ್‌ಲಿ ಹೇ ಬಳಿ ಇದನ್ನು ಕೂಡುತ್ತದೆ. ಆಶ್‌ಬೋರ್ನ್‌ನಿಂದ 13 ಮೈಲಿ, 1899ರ ರೈಲು, 1967ರಲ್ಲಿ ಹಳಿ ಮುಚ್ಚಿ 1971ರಲ್ಲಿ ದಾರಿಯಾಯಿತು. ಹೊಸ ಕಾಲದ ರೈಲಾದ್ದರಿಂದ ಇಳಿಜಾರು ಸೌಮ್ಯ, ಆದರೆ ಉತ್ತರಕ್ಕೆ ಬಿಡದೆ ಏರುತ್ತದೆ. ಸೈಕಲ್ ಬಾಡಿಗೆಗೆ ಪಾರ್ಸ್‌ಲಿ ಹೇಯಲ್ಲೂ ಸಿಗುತ್ತದೆ. ದಕ್ಷಿಣಕ್ಕೆ ಜಾರಿಕೊಂಡು ಹೋದ ಸುಖ ವಾಪಸು ಬರುವಾಗ ಕಾಲಿಗೆ ತಿಳಿಯುತ್ತದೆ, ಆದ್ದರಿಂದ ಶಕ್ತಿಯ ಮೂರನೇ ಒಂದು ಭಾಗ ಖರ್ಚಾದಾಗಲೇ ತಿರುಗಿ. ಆಶ್‌ಬೋರ್ನ್ ತುದಿಯ ಬೆಂಟ್ಲಿ ಹಳ್ಳದಲ್ಲಿ ಹಳೆ ಸೇತುವೆ ತೆಗೆದಿದ್ದರಿಂದ ಚೂಪಾದ ಇಳಿತ, ಏರು ಬಂತು. ಅದನ್ನು ತಪ್ಪಿಸಬೇಕಾದರೆ ಟಿಸಿಂಗ್‌ಟನ್ ಹಳ್ಳಿಯಿಂದ ಹೊರಡಿ. ಹೂವು ಚೆನ್ನಾಗಿವೆ, ಆದರೆ ನೋಟದಲ್ಲಿ ಮಾನ್ಸಲ್‌ಗೆ ಸಾಟಿಯಲ್ಲ.

ಮ್ಯಾನಿಫೋಲ್ಡ್ ವೇ: ಪುಟ್ಟ ಮಕ್ಕಳ ಸೈಕಲ್ಲಿಗೆ, ತಳ್ಳುಗಾಡಿಗೆ

ಇದುವರೆಗಿನ ದಾರಿಗಳಿರುವ ಡರ್ಬಿಶೈರ್ ಜಿಲ್ಲೆಯ ಪಕ್ಕದ ಸ್ಟಾಫರ್ಡ್‌ಶೈರ್‌ನಲ್ಲಿ ಹುಲ್ಮ್ ಎಂಡ್‌ನಿಂದ ವಾಟರ್‌ಹೌಸಸ್‌ವರೆಗೆ ಸುಮಾರು 8 ಮೈಲಿ. ಕಣಿವೆಯ ಹಾಲು ಸಾಗಿಸಿದ ಕಿರು ಹಳಿಯ ರೈಲು ಇಲ್ಲಿ ಓಡಿದ್ದು ಮೂವತ್ತೇ ವರ್ಷ, 1904ರಿಂದ 1934. 1937ಕ್ಕೆ ನಡೆಯುವ ದಾರಿಯಾಯಿತು. ಪೂರ್ತಿ ಡಾಂಬರು, ಆದ್ದರಿಂದ ಎಂಥ ಮಳೆಗೂ ಕೆಸರಿಲ್ಲ, ಸಣ್ಣ ಗಾಲಿಗೂ ತೊಡಕಿಲ್ಲ. ಕುಂದು ಒಂದೇ: ಸ್ವೇನ್ಸ್‌ಲಿ ಸುರಂಗದಿಂದ ವೆಟನ್ ಮಿಲ್‌ವರೆಗೆ ಕಾರುಗಳಿಗೂ ಇದೇ ದಾರಿ. ಮಕ್ಕಳು ಮುಂದೆ ಓಡುವಂಥವರಾದರೆ ವೆಟನ್ ಮಿಲ್‌ನಿಂದ ದಕ್ಷಿಣಕ್ಕೆ ಮಾತ್ರ ನಡೆಯಿರಿ.

ಒಣ ಬೇಸಿಗೆಯಲ್ಲಿ ಅಲ್ಲಿ ಹೊಳೆಯೇ ಇರುವುದಿಲ್ಲ, ಬಿಳಿ ಕಲ್ಲುಗಳ ಹಾಸು ಮಾತ್ರ. ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಇಲಮ್ ಬಳಿ ಮೇಲೆ ಬರುತ್ತದೆ. ಮೇಲೆ ಬಾಯ್ತೆರೆದ ಥಾರ್ ಗುಹೆ ಎಲ್ಲರನ್ನೂ ಕರೆಯುತ್ತದೆ. ಅದಕ್ಕೆ ಕಡಿದಾದ ಮೆಟ್ಟಿಲು, ಗುಹೆಯ ಬಾಯಲ್ಲಿ ಸವೆದು ನುಣುಪಾದ ಸುಣ್ಣಕಲ್ಲು. ಮಳೆಯ ದಿನ ಬೇಡ.

ಲ್ಯಾತ್‌ಕಿಲ್ ಡೇಲ್, ಮ್ಯಾಗ್‌ಪೈ ಗಣಿ: ಚಿಕ್ಕವು, ಆದರೆ ಸಮತಟ್ಟಲ್ಲ

ಓವರ್ ಹ್ಯಾಡನ್ ಹಳ್ಳಿಯಿಂದ ಲ್ಯಾತ್‌ಕಿಲ್ ಹೊಳೆಗೆ ಇಳಿದು ಮ್ಯಾಂಡೇಲ್ ಗಣಿಯ ಅವಶೇಷ, ಕಾಡಿನೊಳಗೆ ನಿಂತ ಮೇಲ್ಗಾಲುವೆಯ ಕಂಬಗಳು, ಗಣಿಬಾವಿಯ ಮೇಲೇ ಕಟ್ಟಿದ ಬೇಟ್‌ಮನ್ ಮನೆ: ಇವಿಷ್ಟಕ್ಕೆ ಹೋಗಿಬರಲು ಒಂದೂವರೆ ಗಂಟೆ ಸಾಕು. ಕಣಿವೆಯ ತಳದಲ್ಲಿ ದಾರಿ ಸುಮಾರಾಗಿ ಸಮ. ಕಷ್ಟ ಮೊದಲಲ್ಲೂ ಕೊನೆಯಲ್ಲೂ ಇದೆ: ಹಳ್ಳಿಯಿಂದ ಇಳಿಯುವ ರಸ್ತೆ ಬಹಳ ಕಡಿದು, ದಣಿದ ಮೇಲೆ ಅದನ್ನೇ ಹತ್ತಬೇಕು. ಮೊನ್ಯಾಶ್ ಕಡೆಯಿಂದ ಬಂದರೆ ಆ ರಸ್ತೆ ತಪ್ಪುತ್ತದೆ, ಆದರೆ ಆ ತುದಿಯಲ್ಲಿ ಬಂಡೆಗಳ ಮೇಲೆ ಹೆಜ್ಜೆ ಹುಡುಕಿ ನಡೆಯಬೇಕು. ನೂರಾರು ವರ್ಷದ ಕಾಲ್ತುಳಿತಕ್ಕೆ ನಯವಾದ ಸುಣ್ಣಕಲ್ಲು ಒದ್ದೆಯಾದಾಗ ಸೋಪಿನಂತೆ ಜಾರುತ್ತದೆ. ಅದರ ಮೇಲೆ ಹೊಸ ಬೂಟಿನ ತಳವೂ ಹಿಡಿಯದು.

ಬೇಸಿಗೆಯಲ್ಲಿ ಇಲ್ಲೂ ಹೊಳೆಯ ಮೇಲುಭಾಗ ಒಣಗುತ್ತದೆ. ಸುಣ್ಣಕಲ್ಲಿನ ಸ್ವಭಾವದ ಜೊತೆಗೆ ಹಳೆ ಸಫ್‌ಗಳೂ ಅದಕ್ಕೆ ಕಾರಣ. ಗಣಿ ನಿಂತು ಎಷ್ಟೋ ಕಾಲವಾದರೂ ಅವು ನೆಲದ ನೀರನ್ನು ಇಂದಿಗೂ ಬೇರೆ ಕಡೆಗೆ ಹರಿಸುತ್ತಿವೆ. ಹೊಳೆ ನೋಡಬೇಕೆಂದರೆ ಚಳಿಗಾಲ, ವಸಂತ. ಈ ಕಣಿವೆಗಳ ಆ್ಯಶ್ ಮರಗಳಿಗೆ ಶಿಲೀಂಧ್ರ ರೋಗ ಬಡಿದಿದೆ, ಒಣಗಿದ ಮರಗಳನ್ನು ಕಡಿಯುವಾಗ ದಾರಿ ಮುಚ್ಚಿರುತ್ತಾರೆ. ಗಾಳಿ ಜೋರಿದ್ದ ದಿನ ಮರದಡಿ ಕೂತು ಊಟ ಮಾಡಬೇಡಿ.

ಶೆಲ್ಡನ್ ಹಳ್ಳಿಯ ಪಕ್ಕದ ಮ್ಯಾಗ್‌ಪೈ ಗಣಿ ಬಯಲಲ್ಲಿದೆ. ಹಳ್ಳಿಯಿಂದ ಹೊಲಗಳ ನಡುವೆ ಒಂದು ಕಿಲೋಮೀಟರಿನಷ್ಟು. ಎಂಜಿನ್ ಮನೆ, ಹೊಗೆಕೊಳವೆಗಳು ಇಷ್ಟು ಪೂರ್ತಿಯಾಗಿ ಉಳಿದ ಸೀಸದ ಗಣಿ ಈ ಸೀಮೆಯಲ್ಲಿ ಇನ್ನೊಂದಿಲ್ಲ. ದಾರಿಯಲ್ಲಿ ಕಲ್ಲುಗೋಡೆಯ ಸಂದಿಯೊಳಗೆ ಮೈ ಓರೆಮಾಡಿ ತೂರಬೇಕು, ತಳ್ಳುಗಾಡಿ ಹೋಗದು. ಸುತ್ತಲಿನ ಉಬ್ಬುತಗ್ಗಿನ ನೆಲವೆಲ್ಲ ಗಣಿಯ ಕಸ. ಸೀಸ ಬೆರೆತ ಆ ಮಣ್ಣು ಬಹುಪಾಲು ಗಿಡಗಳಿಗೆ ವಿಷ, ಬೇಸಿಗೆಯಲ್ಲಿ ಬಿಳಿ ಚುಕ್ಕೆಯಂತೆ ಅರಳುವ ಲೆಡ್‌ವರ್ಟ್, ಹಳದಿ ಬೆಟ್ಟದ ಪ್ಯಾನ್ಸಿಗಳಿಗೆ ಮಾತ್ರ ಒಗ್ಗಿದೆ. ಅಂಥ ನೆಲದಲ್ಲಿ ಮೇದು ಕಾಯಿಲೆ ಬೀಳುವ ದನಕ್ಕೆ ಬೆಲಂಡ್ ತಗುಲಿದೆ ಎನ್ನುವುದು ಡರ್ಬಿಶೈರ್‌ನ ರೂಢಿ ಮಾತು. ಮಕ್ಕಳು ಅಲ್ಲಿ ಮಣ್ಣಾಡಬಾರದು, ತಿನ್ನುವ ಮೊದಲು ಕೈ ತೊಳೆಯಬೇಕು, ನಾಯಿಗೆ ಅಲ್ಲಿನ ಗುಂಡಿಯ ನೀರು ಕುಡಿಸಬಾರದು. ಮುಚ್ಚಿದ ಬಾವಿಗಳ ಹಾಸಿನ ಮೇಲೆ ನಿಲ್ಲಬೇಡಿ, ದಾರಿ ಬಿಟ್ಟು ಅಲೆಯಬೇಡಿ.

ಬೋಲ್‌ಹಿಲ್ ಕ್ವಾರಿ: ಒಂದು ಗಂಟೆ ಮಾತ್ರ ಇದ್ದರೆ

ಹ್ಯಾದರ್‌ಸೇಜ್ ಬಳಿಯ ಸರ್ಪ್ರೈಸ್ ವ್ಯೂ ಕಾರ್ ಪಾರ್ಕಿನಿಂದ ಕಾಲು ಗಂಟೆ ನಡೆದರೆ ಬರ್ಚ್ ಮರಗಳ ತೋಪು, ಅದರೊಳಗೆ ಸಾಲುಸಾಲಾಗಿ ಪಾಚಿಗಟ್ಟಿದ ಬೀಸುವ ಕಲ್ಲುಗಳು. ಬಿಳಿ ಹಿಟ್ಟಿಗೆ ಫ್ರಾನ್ಸಿನ ಕಲ್ಲೇ ಮೇಲೆನಿಸಿ, ಈ ಮರಳುಗಲ್ಲಿನ ಪುಡಿ ಹಿಟ್ಟನ್ನು ಬೂದು ಮಾಡುತ್ತದೆಂದು ಬೇಡಿಕೆ ಕುಸಿದಾಗ, ಕಡಿದು ಮುಗಿಸಿದವೂ ಇದ್ದಲ್ಲೇ ಉಳಿದವು. ಡರ್ವೆಂಟ್, ಹೌಡನ್ ಅಣೆಕಟ್ಟುಗಳಿಗೆ ಕಲ್ಲು ಹೋದದ್ದೂ ಇದೇ ಕ್ವಾರಿಯಿಂದ. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಚಿಹ್ನೆಯೂ ಬೀಸುವ ಕಲ್ಲೇ. ಗ್ರಿಂಡಲ್‌ಫರ್ಡ್ ರೈಲು ನಿಲ್ದಾಣದಿಂದಲೂ ಬರಬಹುದು, ಆದರೆ ಅದು ಪೂರ್ತಿ ಏರು. ಕ್ವಾರಿಯ ಮೇಲಂಚಿಗೆ ಬೇಲಿ ಇಲ್ಲ, ಮಕ್ಕಳ ಕೈ ಹಿಡಿದಿರಿ. ಕೆಳಗಿನ ತೋಪಿನಲ್ಲೇ ಉಳಿದರೆ ಆ ಚಿಂತೆಯೂ ಇಲ್ಲ.

ಹೊರಡುವ ಮೊದಲು

ಸುಣ್ಣಕಲ್ಲಿನ ಸೀಮೆಗೆಲ್ಲ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಒಎಲ್24 ಎಂಬ ವೈಟ್ ಪೀಕ್ ನಕ್ಷೆ ಸಾಕು. ಕಾಗದದ್ದೇ ಒಯ್ಯಿರಿ, ಕಣಿವೆಗಳ ತಳದಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಪಾರ್ಕಿಂಗಿಗೆ ದುಡ್ಡು ಕೊಡಬೇಕು, ಯಂತ್ರದ ಆ್ಯಪ್ ಆ ಸಿಗ್ನಲ್ಲಿಗೆ ಕಾಯುತ್ತ ಕೂರುವುದರಿಂದ ಚಿಲ್ಲರೆ ನಾಣ್ಯವೂ ಇರಲಿ. ಬೇಸಿಗೆ ಭಾನುವಾರ ಹನ್ನೊಂದರ ಮೇಲೆ ಹ್ಯಾಸಪ್, ಮಿಲ್ಲರ್ಸ್ ಡೇಲ್ ಎರಡೂ ತುಂಬಿರುತ್ತವೆ. ಒಂಬತ್ತಕ್ಕೇ ತಲುಪಿ, ಇಲ್ಲವೇ ಆ ದಿನ ರೈಲು ಹಿಡಿದು ಕಾಲುವೆಗೆ ಹೋಗಿ. ಉದ್ದ ಹುಲ್ಲಿನಲ್ಲಿ ನಡೆದ ದಿನ ಸಂಜೆ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಅಡಿ ರಕ್ತ ಹೀರುವ ಉಣ್ಣಿ ಹುಳ ಕಚ್ಚಿದೆಯೇ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು, ಹಿಸುಕದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆದು ತೆಗೆಯಿರಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಿ.